ಹಾಲೂಡುವ ಕುದುರೆಗೆ ತೀವ್ರ ಭೇದಿ: ಎಲ್ಲಿಯವರೆಗೆ ಚಿಕಿತ್ಸೆ? ಮರಿಯನ್ನು ಬಿಡಿಸಬೇಕೇ?

ಲಾಯದೊಡತಿ

ನನ್ನ ಕಂದು ಕುದುರೆ ಈದು ಎರಡು ತಿಂಗಳಾಗುತ್ತ ಬಂದಿದೆ. ಹೆಣ್ಣು ಮರಿ, ಇನ್ನೂ ಹಾಲು ಕುಡಿಯುತ್ತಿದೆ. ನಿನ್ನೆ ಬೆಳಿಗ್ಗೆ ತಾಯಿ ಮೇವು ಮುಟ್ಟಲಿಲ್ಲ. ಮಧ್ಯಾಹ್ನ ಜ್ವರ 39.8 ಡಿಗ್ರಿ. ಸಂಜೆಯ ಹೊತ್ತಿಗೆ ಲದ್ದಿ ನೀರಾಗಿ ಗೋಡೆಗೆ ಚಿಮ್ಮುತ್ತಿತ್ತು. ವೈದ್ಯರು ರಾತ್ರಿಯೇ ಬಂದು ಕತ್ತಿನ ರಕ್ತನಾಳಕ್ಕೆ ಕೊಳವೆ ಹಾಕಿ ಡ್ರಿಪ್ ಶುರು ಮಾಡಿದ್ದಾರೆ. ಈಗ ಹೃದಯ ಬಡಿತ ನಿಮಿಷಕ್ಕೆ 76, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ಮೈಯ ನೀರು ಬತ್ತಿದಷ್ಟೂ ಏರುತ್ತದೆ) 56, ರಕ್ತದ ಒಟ್ಟು ಪ್ರೊಟೀನ್ 4.6, ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ವಸ್ತು) 5.1. ವಸಡು ಕಡುಗೆಂಪು, ಹಲ್ಲಿನ ಬುಡದ ಸುತ್ತ ನೇರಳೆ ಗೆರೆ.

ವೈದ್ಯರು ಮೂರು ದಾರಿ ಮುಂದಿಟ್ಟಿದ್ದಾರೆ. ದೊಡ್ಡ ಆಸ್ಪತ್ರೆಗೆ ಸಾಗಿಸುವುದು, ಇಲ್ಲೇ ಲಾಯದಲ್ಲಿ ಡ್ರಿಪ್ ಮುಂದುವರಿಸುವುದು, ಇಲ್ಲವೇ ದಯಾಮರಣ. ಉಳಿಯುತ್ತಾಳೆ ಎಂದೂ ಹೇಳಲಿಲ್ಲ, ಉಳಿಯುವುದಿಲ್ಲ ಎಂದೂ ಹೇಳಲಿಲ್ಲ. ಅವರ ಮೇಲೆ ದೂರಿಲ್ಲ, ನಿಜ ಹೇಳಿದ್ದಾರೆ.

ಇನ್ನೊಂದು ತೊಡಕಿದೆ. ಮರಿಗೂ ಹುಷಾರಿಲ್ಲ, ಶ್ವಾಸಕೋಶದ ಸೋಂಕಿಗೆ ಔಷಧ ನಡೆಯುತ್ತಿದೆ. ಕೆಚ್ಚಲು ಬತ್ತುತ್ತಿದೆ, ಮರಿ ಎಡೆಬಿಡದೆ ಮೂತಿಯಿಂದ ಗುದ್ದುತ್ತಿದೆ. ಅದರ ಜೊಲ್ಲಿನ ಕೇಸರಿ ಬಣ್ಣ ಕೆಚ್ಚಲಿಗೆಲ್ಲ ಮೆತ್ತಿಕೊಂಡಿದೆ. ತಾಯಿ ಸರಿದು ನಿಲ್ಲಲೂ ತ್ರಾಣವಿಲ್ಲದೆ ತಲೆ ತಗ್ಗಿಸಿಕೊಂಡು ನಿಂತಿದ್ದಾಳೆ. ಮರಿಯನ್ನು ಬಿಡಿಸಿದರೆ ಮರಿಗೆ ಕಷ್ಟ, ಬಿಡಿಸದಿದ್ದರೆ ತಾಯಿಗೆ ಕಷ್ಟ. ಇಂತಹ ಪರಿಸ್ಥಿತಿಯನ್ನು ಕಂಡವರು ದಯವಿಟ್ಟು ಬರೆಯಿರಿ.

ನೇರಮಾತು

ಕಹಿಯಾದರೂ ಹೇಳುತ್ತೇನೆ. ಆ ಲ್ಯಾಕ್ಟೇಟ್, ಆ ನೇರಳೆ ಗೆರೆ ನೋಡಿದರೆ ಕರುಳಿನ ವಿಷ ರಕ್ತಕ್ಕೆ ಇಳಿದಾಗಿದೆ. ದುಡ್ಡು ನೀರಿನಂತೆ ಹರಿಯುತ್ತದೆ, ಕೊನೆಗೆ ಗೊರಸು ಕಳಚಿಕೊಂಡು ಹೋಗುತ್ತದೆ. ಇವತ್ತೇ ಕಳಿಸಿಕೊಟ್ಟು ಮರಿಯನ್ನು ಉಳಿಸಿಕೊಳ್ಳಿ.

ದೊಡ್ಡಪ್ರಾಣಿ ವೈದ್ಯೆ

ತೀರ್ಪು ಆಮೇಲೆ ಕೊಡೋಣ. ಲಾಯದೊಡತಿಯವರೇ, ಮೊದಲು ಒಂದು ಪ್ರಶ್ನೆಗೆ ಉತ್ತರಿಸಿ: ಮರಿಗೆ ಕೊಡುತ್ತಿರುವ ಔಷಧ ಯಾವುದು? ಜೊಲ್ಲು ಕೇಸರಿ ಬಣ್ಣವಾಗಿದೆ ಎಂದರೆ ರಿಫಾಂಪಿಸಿನ್ ಎಂಬ ಆ್ಯಂಟಿಬಯೋಟಿಕ್ ಇರಬೇಕು. ಜೊತೆಗೆ ಎರಿಥ್ರೊಮೈಸಿನ್, ಅಜಿಥ್ರೊಮೈಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಇದೆಯೇ?

ಲಾಯದೊಡತಿ

ಹೌದು, ಅಜಿಥ್ರೊಮೈಸಿನ್ ಮತ್ತು ರಿಫಾಂಪಿಸಿನ್. ರೋಡೊಕಾಕಸ್ ಸೋಂಕು, ಮರಿಗಳ ಶ್ವಾಸಕೋಶದಲ್ಲಿ ಬಾವು ಕಟ್ಟಿಸುವ ಬ್ಯಾಕ್ಟೀರಿಯಾ ಎಂದು ಹೇಳಿದ್ದರು. ಆದರೆ ಅದು ಮರಿಯ ಔಷಧವಲ್ಲವೇ?

ದೊಡ್ಡಪ್ರಾಣಿ ವೈದ್ಯೆ

ಮರಿಯದ್ದೇ. ಆದರೆ ತಾಯಿಯ ಹೊಟ್ಟೆಗೂ ಹೋಗುತ್ತದೆ. ಈ ಗುಂಪಿನ ಔಷಧಗಳನ್ನು ಎಳೆಯ ಮರಿ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬೆಳೆದ ಕುದುರೆಯ ದೊಡ್ಡ ಕರುಳಿನಲ್ಲಿ ನಾರನ್ನು ಹುಳಿಸುವ ಸೂಕ್ಷ್ಮಜೀವಿಗಳನ್ನು ಮಾತ್ರ ಅತ್ಯಲ್ಪ ಪ್ರಮಾಣವೂ ಬುಡಮೇಲು ಮಾಡಬಲ್ಲದು. ತಾಯಿ ಮರಿಯ ಮೂತಿ ನೆಕ್ಕುತ್ತಾಳೆ, ಇಬ್ಬರೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತಾರೆ, ಮರಿಯ ಲದ್ದಿ ಬಿದ್ದ ಹಾಸಿನಿಂದಲೇ ತಾಯಿ ಹುಲ್ಲು ಆಯುತ್ತಾಳೆ. ಒಳ್ಳೆಯ ಜೀವಿಗಳು ಸತ್ತ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ವಿಷ ಉಗುಳುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಿಥ್ರೊಮೈಸಿನ್ ಮತ್ತು ರಿಫಾಂಪಿಸಿನ್ ಪಡೆಯುತ್ತಿದ್ದ ಮರಿಗಳ ತಾಯಂದಿರಲ್ಲಿ ಹೀಗೆ ಬಂದ ಭೇದಿಯನ್ನು ಸ್ವೀಡನ್ನಿನ ಪಶುವೈದ್ಯರು 1990ರ ದಶಕದಲ್ಲೇ ವರದಿ ಮಾಡಿದ್ದಾರೆ.

ಇದೇ ಕಾರಣ ಎಂದು ದೂರದಿಂದ ನಾನು ಹೇಳಲಾರೆ. ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ, ಸಾಲ್ಮೊನೆಲ್ಲಾ ಕೂಡ ಇರಬಹುದು. ಲದ್ದಿಯ ಮಾದರಿಯಲ್ಲಿ ಡಿಫಿಸಿಲ್‌ನ ವಿಷಾಂಶ ಮತ್ತು ಸಾಲ್ಮೊನೆಲ್ಲಾ ಎರಡನ್ನೂ ಪರೀಕ್ಷಿಸಲು ಕೇಳಿ. ಸಾಲ್ಮೊನೆಲ್ಲಾ ಒಂದೇ ಮಾದರಿಯಲ್ಲಿ ಸಿಗದೆ ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ಬೇರೆ ಬೇರೆ ಹೊತ್ತಿನ ಹಲವು ಮಾದರಿಗಳು ಬೇಕು. ಮರಿ ಯಾವ ಔಷಧದ ಮೇಲಿದೆ ಎಂಬುದನ್ನು ತಾಯಿಯನ್ನು ನೋಡುತ್ತಿರುವ ವೈದ್ಯರಿಗೆ ಈಗಲೇ ಫೋನ್ ಮಾಡಿ ತಿಳಿಸಿ. ಮರಿಗೆ ಔಷಧ ಬರೆದವರು ಬೇರೆಯವರಾಗಿದ್ದರೆ ಇದು ಅವರ ಗಮನಕ್ಕೆ ಬಂದಿರುವುದೇ ಇಲ್ಲ.

ಲಾಯದೊಡತಿ

ಬೇರೆಯವರೇ. ಫೋನ್ ಮಾಡಿದೆ. ಡಿಫಿಸಿಲ್ ವಿರುದ್ಧ ಮೆಟ್ರೊನಿಡಜೋಲ್ ಎಂಬ ಔಷಧ ಸೇರಿಸಿದ್ದಾರೆ, ಕರುಳಿನ ವಿಷ ಹೀರುವ ಸ್ಮೆಕ್ಟೈಟ್ ಪುಡಿಯನ್ನು ಮೂಗಿನ ಕೊಳವೆಯಿಂದ ಕೊಡಲಿದ್ದಾರೆ. ಮಾದರಿ ಹೋಗಿದೆ.

ಹಳೆಯ ಸವಾರ

ನೇರಮಾತು ಹೇಳಿದ್ದರಲ್ಲಿ ಅರ್ಧ ಸರಿ. ಇಂತಹ ಭೇದಿಯಲ್ಲಿ ಕುದುರೆಯನ್ನು ಕೊಲ್ಲುವುದು ಎಷ್ಟೋ ಸಲ ಭೇದಿಯಲ್ಲ, ಗೊರಸು. ಕರುಳು ಸುಧಾರಿಸುತ್ತಿದೆ ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೆ ಗೊರಸಿನೊಳಗಿನ ಪದರಗಳು ಊದಿಕೊಂಡು, ಗೊರಸಿನ ಗೋಡೆಗೂ ಒಳಮೂಳೆಗೂ ಇರುವ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ನೀವು ಇನ್ನೂ ನಿರ್ಧರಿಸಿಲ್ಲವಾದರೂ ಈ ಕ್ಷಣವೇ ಮಾಡಬೇಕಾದ ಕೆಲಸವೊಂದಿದೆ. ನಾಲ್ಕೂ ಕಾಲಿಗೆ, ಕನಿಷ್ಠ ಮುಂಗಾಲುಗಳಿಗೆ, ಮಂಜುಗಡ್ಡೆ. ನೋವು ಬಂದ ಮೇಲಲ್ಲ, ಬರುವ ಮೊದಲು.

ಗೊರಸುಗಾರ

ಇದಕ್ಕೆ ನನ್ನ ಮಾತೂ ಸೇರಿಸುತ್ತೇನೆ, ಏಕೆಂದರೆ ಜನ ಮಂಜುಗಡ್ಡೆಯ ವಿಷಯದಲ್ಲಿ ಅರೆಬರೆ ಕೆಲಸ ಮಾಡುತ್ತಾರೆ. ತಣ್ಣೀರು ಸುರಿದರೆ ಸಾಲದು. ಗೊರಸಿನ ಹೊರಮೈಯ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿದು ಅಲ್ಲೇ ನಿಲ್ಲಬೇಕು. ಅರ್ಧ ಗಂಟೆ ಇಟ್ಟು ತೆಗೆಯುವುದರಿಂದ ಪ್ರಯೋಜನವಿಲ್ಲ, ಹಗಲೂ ರಾತ್ರಿ ಎಡೆಬಿಡದೆ ಇರಬೇಕು. ಸಾಮಾನ್ಯವಾಗಿ 48ರಿಂದ 72 ಗಂಟೆ, ಜ್ವರ ಮತ್ತು ನಂಜಿನ ಲಕ್ಷಣಗಳು ಇಳಿದ ಮೇಲೂ ಒಂದು ದಿನ. ದಪ್ಪನೆಯ ದೊಡ್ಡ ಡ್ರಿಪ್ ಚೀಲಗಳು ಖಾಲಿಯಾದಾಗ ಎಸೆಯಬೇಡಿ. ಮೇಲ್ಭಾಗ ಕತ್ತರಿಸಿ, ಕಾಲನ್ನು ಅದರೊಳಗೆ ಇಳಿಸಿ, ಮಂಜುಗಡ್ಡೆಯ ಚೂರು ಮತ್ತು ನೀರು ತುಂಬಿ, ಗೊರಸಿನ ಮೇಲಿನ ಗೆಣ್ಣು ಮುಳುಗುವಷ್ಟು ಎತ್ತರಕ್ಕೆ ಕಟ್ಟಿ. ಬರೀ ಗಡ್ಡೆ ಬೇಡ, ಅದು ಗೊರಸಿಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ನೀರು ಬೆರೆತರೆ ತಂಪು ಸುತ್ತಲೂ ಹರಡುತ್ತದೆ. ಪ್ರತಿ ಎರಡು ಗಂಟೆಗೊಮ್ಮೆ ಗಡ್ಡೆ ತುಂಬಲು ಒಬ್ಬರು ಬೇಕು. ಇದಕ್ಕೆ ಪಾಳಿ ಹಾಕಿಕೊಳ್ಳಿ, ನೀವೊಬ್ಬರೇ ಮಾಡಿದರೆ ಎರಡನೆಯ ರಾತ್ರಿ ನಿದ್ದೆಗೆ ಜಾರುತ್ತೀರಿ.

ಲಾಯದೊಡತಿ

ಮಂಜುಗಡ್ಡೆ ಶುರು ಮಾಡಿದೆವು. ಇಬ್ಬರು ಗೆಳತಿಯರು ಬಂದಿದ್ದಾರೆ. ಈಗ ನನ್ನ ದೊಡ್ಡ ಪ್ರಶ್ನೆ ಮರಿಯದ್ದೇ. ಅದಕ್ಕೆ ಹಾಲು ಬೇಕು ಎಂಬ ಕಾರಣಕ್ಕೇ ತಾಯಿಯನ್ನು ಹೇಗಾದರೂ ಉಳಿಸಬೇಕು ಎನ್ನಿಸುತ್ತಿದೆ. ಮರಿ ಗುದ್ದುವುದನ್ನು ನೋಡಿದಾಗ ಇವಳನ್ನು ಇನ್ನು ನೋಯಿಸಬಾರದು ಎನ್ನಿಸುತ್ತದೆ. ಅತ್ತ ದರಿ, ಇತ್ತ ಪುಲಿ.

ಮರಿಸಾಕು

ಈ ಎರಡು ಪ್ರಶ್ನೆಗಳ ಗಂಟನ್ನು ಮೊದಲು ಬಿಚ್ಚಿ. ಮರಿಯ ಹೊಟ್ಟೆಯ ಚಿಂತೆ ತಾಯಿಯ ಪ್ರಾಣದ ಲೆಕ್ಕದಲ್ಲಿ ಸೇರಿಕೊಂಡಿರುವಷ್ಟು ಕಾಲ ನೀವು ತೆಗೆದುಕೊಳ್ಳುವ ಯಾವ ನಿರ್ಧಾರವೂ ತಾಯಿಗಾಗಿ ಇರುವುದಿಲ್ಲ. ತಾಯಿ ಇರಲಿ ಇಲ್ಲದಿರಲಿ ಮರಿ ಬದುಕುವ ವ್ಯವಸ್ಥೆಯನ್ನು ಇವತ್ತು ಸಂಜೆಯೊಳಗೆ ಮಾಡಿ ಮುಗಿಸಿ. ಎರಡು ತಿಂಗಳ ಮರಿ ಎಂದರೆ ನಿಮ್ಮ ಪುಣ್ಯ. ಎರಡು ದಿನದ ಮರಿಯಾಗಿದ್ದರೆ ಗಿಣ್ಣುಹಾಲು, ರೋಗನಿರೋಧಕ ಶಕ್ತಿ, ಗಂಟೆಗೆ ಹಲವು ಸಲ ಹಾಲು, ಎಲ್ಲವೂ ತಲೆನೋವಾಗುತ್ತಿತ್ತು. ಈ ವಯಸ್ಸಿನ ಮರಿ ಹುಲ್ಲು ಕಡಿಯುತ್ತದೆ, ಹಿಂಡಿ ನೆಕ್ಕುತ್ತದೆ, ಬಕೆಟ್ಟಿನಿಂದ ಕುಡಿಯಲು ಕಲಿಯುತ್ತದೆ. ನಾಲ್ಕರಿಂದ ಆರು ತಿಂಗಳಿಗೆ ಬಿಡಿಸುವುದು ವಾಡಿಕೆ ನಿಜ, ಆದರೆ ಎರಡು ಮೂರು ತಿಂಗಳಲ್ಲೇ ಬಿಡಿಸಬೇಕಾಗಿ ಬಂದ ಎಷ್ಟೋ ಮರಿಗಳು ಚೆನ್ನಾಗಿ ಬೆಳೆದಿವೆ.

ಬಾಟಲಿ ಬೇಡ. ನಿಮ್ಮ ಮರಿಯ ಶ್ವಾಸಕೋಶ ಈಗಾಗಲೇ ಕೆಟ್ಟಿದೆ, ಹಾಲು ತಪ್ಪು ದಾರಿಗೆ ಹೋದರೆ ಕಥೆ ಮುಗಿಯಿತು. ಅಗಲ ಬಾಯಿಯ, ತಿಳಿ ಬಣ್ಣದ ಬಕೆಟ್ಟಿನಲ್ಲಿ ಬೆಚ್ಚಗಿನ ಹಾಲು ಹಾಕಿ, ತೊಳೆದ ಬೆರಳನ್ನು ಬಾಯಿಗಿಟ್ಟು ಚೀಪಲು ಬಿಟ್ಟು, ಬೆರಳಿನ ಜೊತೆ ಮೂತಿಯನ್ನು ಹಾಲಿನ ಮೇಲ್ಮೈಗೆ ತನ್ನಿ. ತಲೆಯನ್ನು ಒತ್ತಿ ಮುಳುಗಿಸಲು ಹೋಗಬೇಡಿ, ಒಮ್ಮೆ ಮೂಗಿಗೆ ಹಾಲು ನುಗ್ಗಿದರೆ ಆ ಬಕೆಟ್ಟನ್ನು ಕಂಡರೇ ಓಡುತ್ತದೆ. ಮೊದಲ ಕೆಲವು ಗಂಟೆ ಮೂಗು ಮುರಿಯುತ್ತದೆ, ಹಸಿವೆಯೇ ಗುರು. ಕಲಿತ ಮೇಲೆ ಬಕೆಟ್ಟನ್ನು ಮರಿಯ ಎದೆಯ ಎತ್ತರಕ್ಕೆ ತೂಗುಹಾಕಿ.

ಹಾಲಿನ ಪುಡಿ ಕುದುರೆ ಮರಿಗೆಂದೇ ಮಾಡಿದ್ದು ಸಿಕ್ಕರೆ ಉತ್ತಮ. ಸಿಗುವವರೆಗೆ ಮೇಕೆ ಹಾಲು ಆಗುತ್ತದೆ. ಆಕಳ ಹಾಲಿನಲ್ಲಿ ಕೊಬ್ಬು ಹೆಚ್ಚು, ಸಕ್ಕರೆ ಅಂಶ ಕಡಿಮೆ. ಕೊಬ್ಬು ಕಡಿಮೆ ಇರುವ ಹಾಲಿಗೆ ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಪುಡಿ) ಬೆರೆಸಬೇಕು. ಅಡುಗೆಮನೆಯ ಸಕ್ಕರೆ ಹಾಕಬೇಡಿ, ಎಳೆ ಮರಿಗೆ ಅದನ್ನು ಅರಗಿಸಲಾಗದೆ ಭೇದಿಯಾಗುತ್ತದೆ. ಕರುಗಳಿಗೆಂದು ಮಾಡಿದ ಪುಡಿ ಅಥವಾ ಹಿಂಡಿಯನ್ನು ಕೈಗೆ ಸಿಕ್ಕಿತೆಂದು ಕೊಡುವ ಮೊದಲು ಚೀಟಿ ಓದಿ. ಮೊನೆನ್ಸಿನ್ ಎಂಬ ಹೆಸರು ಕಂಡರೆ ಲಾಯದ ಹತ್ತಿರವೂ ತರಬೇಡಿ, ಕುದುರೆಗೆ ಅದು ಹೃದಯ ನಿಲ್ಲಿಸುವ ವಿಷ.

ಹೊಸಬ

ಸಾಕುತಾಯಿ ಕುದುರೆ ಸಿಕ್ಕರೆ ಇಷ್ಟೆಲ್ಲ ಕಷ್ಟವೇ ಇಲ್ಲವಲ್ಲ? ಮರಿ ಕಳೆದುಕೊಂಡ ತಾಯಿ ಎಲ್ಲಾದರೂ ಇದ್ದೀತು.

ದೊಡ್ಡಪ್ರಾಣಿ ವೈದ್ಯೆ

ಬೇರೆ ಸಂದರ್ಭದಲ್ಲಾದರೆ ನಾನೇ ಮೊದಲು ಹೇಳುತ್ತಿದ್ದೆ. ಇಲ್ಲಿ ಮಾತ್ರ ಬೇಡವೇ ಬೇಡ. ಈ ಮರಿಯ ಬಾಯಲ್ಲಿ, ಲದ್ದಿಯಲ್ಲಿ ಅದೇ ಔಷಧವಿದೆ. ಇನ್ನೊಬ್ಬಳ ಕೆಚ್ಚಲಿಗೆ ಬಿಟ್ಟರೆ ಎರಡನೆಯ ರೋಗಿಯನ್ನು ತಯಾರು ಮಾಡಿದಂತೆ. ಒಂಟಿಯಾಗದಿರಲಿ ಎಂದು ಸಾಧು ಸ್ವಭಾವದ ಹಳೆಯ ಕುದುರೆಯನ್ನು ಜೊತೆಗಿಡಬಹುದು, ಅದೂ ಬೇಲಿಯ ಆಚೆಗೆ, ತೊಟ್ಟಿ, ಬಕೆಟ್ಟು, ಲದ್ದಿ ಯಾವುದೂ ಹಂಚಿಕೆಯಾಗದಂತೆ. ಇನ್ನೊಂದು ವಿಷಯ ಮರೆಯುವ ಮೊದಲು ಹೇಳಿಬಿಡುತ್ತೇನೆ. ಈ ಔಷಧಗಳ ಮೇಲಿರುವ ಮರಿ ಸರಿಯಾಗಿ ಬೆವರುವುದಿಲ್ಲ. ಬಿಸಿಲಿಗೆ ಬಿಟ್ಟರೆ ಮೈ ಕಾದು ಉಸಿರು ಏರಿ ಕುಸಿಯಬಹುದು. ನೆರಳಿನಲ್ಲೇ ಇರಲಿ.

ಈಗ ಬಿಡಿಸುವ ಪ್ರಶ್ನೆ. ಐನೂರು ಕೆಜಿಯ ತಾಯಿ ಈ ಹಂತದಲ್ಲಿ ದಿನಕ್ಕೆ 10ರಿಂದ 15 ಲೀಟರ್ ಹಾಲು ಕೊಡುತ್ತಾಳೆ. ಆ ಹಾಲಿನ ಜೊತೆ ನೀರು, ಪ್ರೊಟೀನ್, ಕ್ಯಾಲ್ಸಿಯಂ ಎಲ್ಲವೂ ಹೋಗುತ್ತವೆ. ಭೇದಿಯಲ್ಲಿ ನೂರಕ್ಕೆ ಎಂಟರಷ್ಟು ನೀರು ಬತ್ತಿದ್ದರೆ ಕೊರತೆಯೇ 40 ಲೀಟರ್. ದಿನದ ಮಾಮೂಲಿ ಅಗತ್ಯ ಇನ್ನೊಂದು 25ರಿಂದ 30 ಲೀಟರ್. ಭೇದಿಯಲ್ಲಿ ಹೋಗುತ್ತಿರುವುದು ಬೇರೆ. ಪ್ರೊಟೀನ್ 4.6ಕ್ಕೆ ಇಳಿದಿದೆ, ಇನ್ನೂ ಇಳಿದರೆ ಡ್ರಿಪ್‌ನ ನೀರು ರಕ್ತನಾಳದಲ್ಲಿ ನಿಲ್ಲದೆ ಹೊಟ್ಟೆಯ ಕೆಳಗೆ, ಕಾಲಿಗೆ ಊತವಾಗಿ ಸೋರುತ್ತದೆ, ಆಗ ಪ್ಲಾಸ್ಮಾ, ಅಂದರೆ ಬೇರೆ ಕುದುರೆಯ ರಕ್ತದಿಂದ ಬೇರ್ಪಡಿಸಿದ ದ್ರವಭಾಗ, ಕೊಡಬೇಕಾಗುತ್ತದೆ. ಹೊಟ್ಟೆಗೆ ತಿನ್ನದೆ ಹಾಲು ಕೊಡುತ್ತಿರುವ ಕುದುರೆ ಮೈಯ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಚಿಕ್ಕ ತಳಿಗಳಲ್ಲಿ, ಕತ್ತೆಗಳಲ್ಲಿ ಈ ಅಪಾಯ ಹೆಚ್ಚು, ದೊಡ್ಡ ಕುದುರೆಗೂ ತಪ್ಪಿದ್ದಲ್ಲ. ರಕ್ತ ತೆಗೆದ ನಳಿಕೆಯನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ನೋಡಿ, ಮೇಲೆ ನಿಲ್ಲುವ ತಿಳಿ ಹಾಲಿನಂತೆ ಬೆಳ್ಳಗಾಗಿದ್ದರೆ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಪರೀಕ್ಷೆ ತಡಮಾಡಬೇಡಿ.

ಇದನ್ನೆಲ್ಲ ಕೂಡಿಸಿ ನೋಡಿದರೆ, ಹಾಲು ನಿಲ್ಲಿಸುವುದೂ ತಾಯಿಗೆ ಚಿಕಿತ್ಸೆಯೇ. ನಾನಾಗಿದ್ದರೆ ಬಿಡಿಸುತ್ತಿದ್ದೆ.

ಹಳೆಯ ಸವಾರ

ಒಪ್ಪುವುದಿಲ್ಲ, ಪೂರ್ತಿಯಾಗಿ ಒಪ್ಪುವುದಿಲ್ಲ. ಲೆಕ್ಕ ಸರಿಯಿರಬಹುದು. ಆದರೆ ಮರಿಯನ್ನು ಕಣ್ಮರೆ ಮಾಡಿದರೆ ತಾಯಿ ಕೂಗಿ ಕೂಗಿ, ಸುತ್ತಿ ಸುತ್ತಿ, ಇರುವ ತ್ರಾಣವನ್ನೂ ಕಳೆದುಕೊಳ್ಳುತ್ತಾಳೆ. ಮರಿಯ ಸಲುವಾಗಿಯೇ ನಿಂತುಕೊಂಡಿದ್ದ ಕುದುರೆಗಳನ್ನು ನೋಡಿದ್ದೇನೆ. ವಿಜ್ಞಾನ ಎನ್ನಲಾರೆ, ಕಂಡದ್ದನ್ನು ಹೇಳುತ್ತಿದ್ದೇನೆ.

ಮರಿಸಾಕು

ಕಣ್ಮರೆ ಮಾಡಬೇಕೆಂದು ಯಾರು ಹೇಳಿದರು? ನಡುವೆ ಗಟ್ಟಿಯಾದ ಜಾಲರಿ ಹಾಕಿದರಾಯಿತು. ಮೂಗಿಗೆ ಮೂಗು ತಾಗುವಷ್ಟಲ್ಲ, ಕಾಣುವಷ್ಟು, ವಾಸನೆ ಸಿಗುವಷ್ಟು. ನೆಲಕ್ಕೆ ಹಲಗೆ ಕೊಟ್ಟು ಲದ್ದಿ, ಹಾಸು ಆಚೀಚೆ ಹೋಗದಂತೆ ಮಾಡಿ. ತಾಯಿಗೆ ಮರಿ ಕಾಣುತ್ತದೆ, ಮರಿಗೆ ಕೆಚ್ಚಲು ಸಿಗುವುದಿಲ್ಲ.

ಒಂದು ಎಚ್ಚರಿಕೆ. ಈ ನಿರ್ಧಾರವನ್ನು ಹಿಂತೆಗೆದುಕೊಳ್ಳುವ ಅವಕಾಶ ದಿನ ಕಳೆದಂತೆ ಮುಚ್ಚಿಕೊಳ್ಳುತ್ತದೆ. ಮತ್ತೆ ಹಾಲೂಡಿಸುವ ಆಸೆ ಇದ್ದರೆ ದಿನಕ್ಕೆ ಹಲವು ಸಲ ಹಿಂಡಿ ಚೆಲ್ಲುತ್ತಿರಬೇಕು, ಆಗ ಉಳಿಸಬೇಕೆಂದ ನೀರು, ಪ್ರೊಟೀನ್ ಉಳಿಯುವುದಿಲ್ಲ. ನಿಲ್ಲಿಸುವುದೆಂದಾದರೆ ಹಿಂಡಬಾರದು, ಕೆಚ್ಚಲಿನ ಒತ್ತಡವೇ ಹಾಲನ್ನು ಬತ್ತಿಸುತ್ತದೆ. ದಿನಕ್ಕೊಮ್ಮೆ ಮುಟ್ಟಿ ನೋಡಿ. ಒಂದು ಬದಿ ಮಾತ್ರ ಬಿಸಿ, ಗಟ್ಟಿ, ನೋವು ಎಂದರೆ ಕೆಚ್ಚಲು ಬಾವು. ಅರ್ಧ ಬಿಡಿಸುವುದು, ಅರ್ಧ ಬಿಡುವುದು ಮಾಡಬೇಡಿ.

ಲಾಯದೊಡತಿ

ಬಿಡಿಸುತ್ತೇವೆ. ಹಾಲು ನಿಲ್ಲಲಿ. ಆಸ್ಪತ್ರೆಯ ವಿಷಯ ಬಾಕಿ ಇದೆ.

ದೊಡ್ಡಪ್ರಾಣಿ ವೈದ್ಯೆ

ಆಸ್ಪತ್ರೆ ಕೊಡುವುದು ಮುಖ್ಯವಾಗಿ ಮೂರು: ಇಡೀ ದಿನ ಕಣ್ಣಿಟ್ಟಿರುವ ಜನ, ಕೆಲವು ಗಂಟೆಗೊಮ್ಮೆ ರಕ್ತಪರೀಕ್ಷೆ, ಕೇಳಿದ ತಕ್ಷಣ ಪ್ಲಾಸ್ಮಾ. ಇದರಲ್ಲಿ ಎರಡನ್ನಾದರೂ ನಿಮ್ಮ ವೈದ್ಯರು ಲಾಯದಲ್ಲೇ ಒದಗಿಸಬಲ್ಲರೇ ಎಂದು ಕೇಳಿ. ಸಾಗಿಸುವುದಾದರೆ ಈ ಸ್ಥಿತಿಯಲ್ಲಿ ಹಾಗೆಯೇ ವಾಹನ ಹತ್ತಿಸಬಾರದು. ಗಾಢ ಸಲೈನ್, ಅಂದರೆ ಶೇಕಡಾ 7.2ರದ್ದು, ಎರಡು ಲೀಟರ್ ಕೊಟ್ಟು ರಕ್ತದೊತ್ತಡ ಎತ್ತಿ, ಅದರ ಬೆನ್ನಿಗೇ ಮಾಮೂಲಿ ದ್ರವವನ್ನು ಧಾರಾಳವಾಗಿ ಕೊಟ್ಟು ಹೊರಡಬೇಕು. ಅಂಟುರೋಗದ ಶಂಕೆ ಇರುವುದನ್ನು ಆಸ್ಪತ್ರೆಗೆ ಮೊದಲೇ ತಿಳಿಸಬೇಕು, ಪ್ರತ್ಯೇಕ ಕೊಠಡಿ ಇಲ್ಲದ ಕಡೆ ತೆಗೆದುಕೊಳ್ಳುವುದಿಲ್ಲ.

ನೋವಿನ ಔಷಧದ ಬಗ್ಗೆಯೂ ಕೇಳಿ. ಫ್ಲುನಿಕ್ಸಿನ್ ಪೂರ್ಣ ಪ್ರಮಾಣ ಕೆಜಿಗೆ 1.1 ಮಿಲಿಗ್ರಾಂ. ನಂಜಿನ ಪರಿಣಾಮ ತಗ್ಗಿಸಲೆಂದು 0.25 ಮಿಲಿಗ್ರಾಂ ಅನ್ನು ಎಂಟು ಗಂಟೆಗೊಮ್ಮೆ ಕೊಡುವ ರೂಢಿಯೂ ಇದೆ. ನೀರು ಬತ್ತಿದ ಕುದುರೆಯಲ್ಲಿ ಈ ಔಷಧ ಮೂತ್ರಪಿಂಡಕ್ಕೂ ಕರುಳಿಗೂ ಪೆಟ್ಟು ಕೊಡಬಲ್ಲದು, ಆದ್ದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಿರಬೇಕು. ನೀವಾಗಿಯೇ ಒಂದು ಹನಿಯನ್ನೂ ಹೆಚ್ಚಿಸಬೇಡಿ.

ನೇರಮಾತು

ಸರಿ, ಕಾರಣದ ಸುಳಿವು ಸಿಕ್ಕಿದೆ, ನನ್ನ ಮೊದಲ ಮಾತಿನ ತೀವ್ರತೆ ಇಳಿಸುತ್ತೇನೆ. ಆದರೆ ಯಾರೂ ಬರೆಯದ ವಿಷಯ ಬರೆಯುತ್ತೇನೆ. ಎಲ್ಲಿ ನಿಲ್ಲಿಸುವುದು? ಇಲ್ಲಿ ಎಲ್ಲರೂ ಹೇಗೆ ಉಳಿಸಬೇಕೆಂದು ಹೇಳುತ್ತಿದ್ದೀರಿ. ನಾಳೆ ರಾತ್ರಿ ಎರಡು ಗಂಟೆಗೆ ಅವಳು ಮಲಗಿ ಏಳದಿದ್ದರೆ, ನಿದ್ದೆಗೆಟ್ಟ ಈ ಹೆಂಗಸು ಆಗ ಏನು ತೀರ್ಮಾನ ಮಾಡಬೇಕು?

ಹಳೆಯ ಸವಾರ

ನೇರಮಾತು ಅವರ ಈ ಪ್ರಶ್ನೆಗೇ ನಾನೂ ಬರುತ್ತಿದ್ದೆ. ನಿರ್ಧಾರವನ್ನು ಆ ಎರಡು ಗಂಟೆಯ ರಾತ್ರಿಗೆ ಬಿಡಬೇಡಿ. ಈಗ, ಹಗಲಿನಲ್ಲಿ, ವೈದ್ಯರ ಜೊತೆ ಕುಳಿತು ಕಾಗದದ ಮೇಲೆ ಬರೆಯಿರಿ. ಯಾವ ಹೊತ್ತಿಗೆ ಏನನ್ನು ನೋಡುತ್ತೇವೆ, ಏನು ಕಂಡರೆ ಮುಂದುವರಿಸುತ್ತೇವೆ, ಏನು ಕಂಡರೆ ನಿಲ್ಲಿಸುತ್ತೇವೆ. ಖರ್ಚಿನ ಮಿತಿಯನ್ನೂ ಬರೆಯಿರಿ, ನಾಚಿಕೆ ಬೇಡ. ಮಿತಿ ಹಾಕಿಕೊಳ್ಳದವರು ಕೊನೆಗೆ ದುಡ್ಡು ಮುಗಿದ ದಿನ ನಿಲ್ಲಿಸುತ್ತಾರೆ. ಕುದುರೆಯ ಪಾಲಿಗೆ ಆ ದಿನ ಸಾಮಾನ್ಯವಾಗಿ ತಡವಾಗಿರುತ್ತದೆ.

ದಯಾಮರಣದ ವಿವರವನ್ನೂ ಈಗಲೇ ಕೇಳಿಟ್ಟುಕೊಳ್ಳಿ. ಮೊದಲು ಮಂಪರಿನ ಚುಚ್ಚುಮದ್ದು, ಆಮೇಲೆ ಪೆಂಟೊಬಾರ್ಬಿಟಲ್. ಕುದುರೆ ಬೀಳುವ ಜಾಗ ಅಗಲವಾಗಿರಬೇಕು, ಯಂತ್ರ ತಲುಪುವಂತಿರಬೇಕು. ಆ ಔಷಧ ಕಳೇಬರದಲ್ಲಿ ಉಳಿಯುತ್ತದೆ, ಅದನ್ನು ತಿಂದ ನಾಯಿ, ಹದ್ದು, ರಣಹದ್ದು ಸಾಯುತ್ತವೆ. ಆಳವಾಗಿ ಹೂಳುವ ಇಲ್ಲವೇ ಸುಡುವ ಏರ್ಪಾಡು ಮೊದಲೇ ಆಗಿರಲಿ. ಮರಿ ಆ ಹೊತ್ತಿಗೆ ಹತ್ತಿರ ಇರಬಾರದು.

ಹೊಸಬ

ಇದನ್ನು ಓದುವುದೇ ಕಷ್ಟವಾಗುತ್ತಿದೆ. ಒಂದು ಸಣ್ಣ ಪ್ರಶ್ನೆ. ಇದೇ ವಯಸ್ಸಿನ ಮರಿ ಇರುವ ತಾಯಿ ನನ್ನಲ್ಲೂ ಇದೆ. ಭೇದಿಯಲ್ಲ, ಹೊಟ್ಟೆನೋವು ಬಂದರೂ ಹೀಗೆಯೇ ಕಾದು ನೋಡಬಹುದೇ?

ದೊಡ್ಡಪ್ರಾಣಿ ವೈದ್ಯೆ

ಇಲ್ಲ. ಈದ ಮೊದಲ ಮೂರು ತಿಂಗಳಲ್ಲಿ ದೊಡ್ಡ ಕರುಳು ತಿರುಚಿಕೊಳ್ಳುವ ಅಪಾಯ ಹೆಚ್ಚು. ಔಷಧಕ್ಕೂ ಬಗ್ಗದ ನೋವು, ಬಿರುಸಾಗಿ ಉಬ್ಬುವ ಹೊಟ್ಟೆ ಕಂಡರೆ ಉಳಿದಿರುವುದು ಕೆಲವೇ ಗಂಟೆಗಳು, ಶಸ್ತ್ರಚಿಕಿತ್ಸೆ ಬಿಟ್ಟು ದಾರಿಯಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ಯುತ್ತೀರೋ ಇಲ್ಲವೋ ಎಂಬುದನ್ನು ನಿಮ್ಮ ಕುದುರೆ ಆರೋಗ್ಯವಾಗಿರುವ ಇವತ್ತೇ ಮನೆಯವರ ಜೊತೆ ಮಾತಾಡಿ ಇಟ್ಟುಕೊಳ್ಳಿ.

ಲಾಯದೊಡತಿಯವರ ಕಾಗದಕ್ಕೆ ನನ್ನ ಸಲಹೆ. ಒಂದೊಂದು ಅಂಕಿಯನ್ನು ಹಿಡಿದು ಕೂರಬೇಡಿ, ಅದು ಯಾವ ಕಡೆಗೆ ಸರಿಯುತ್ತಿದೆ ನೋಡಿ. ಲ್ಯಾಕ್ಟೇಟ್ 5 ಇದ್ದದ್ದು ಡ್ರಿಪ್ ಕೊಟ್ಟು ಒಂದು ದಿನದಲ್ಲಿ ಅರ್ಧಕ್ಕೆ ಇಳಿದರೆ ದೇಹ ಸ್ಪಂದಿಸುತ್ತಿದೆ. ಅಷ್ಟು ದ್ರವ ಕೊಟ್ಟ ಮೇಲೂ ಏರುತ್ತಿದ್ದರೆ ಕರುಳು ಸಾಯುತ್ತಿರಬಹುದು. ಹೃದಯ ಬಡಿತ 60ರ ಕೆಳಗೆ ಬಂದು ಅಲ್ಲೇ ನಿಲ್ಲುತ್ತದೆಯೇ? ಮೂತ್ರ ಬರುತ್ತಿದೆಯೇ? ಹುಲ್ಲಿನ ಕಡೆ ಮೂತಿ ಚಾಚುತ್ತಾಳೆಯೇ? ಗೆಣ್ಣಿನ ಎರಡೂ ಬದಿಯಲ್ಲಿ ಬೆರಳಿಟ್ಟು ಗೊರಸಿನ ನಾಡಿ ಮುಟ್ಟಿ. ಆರೋಗ್ಯವಂತ ಕುದುರೆಯಲ್ಲಿ ಅದನ್ನು ಹುಡುಕಬೇಕಾಗುತ್ತದೆ, ಬೆರಳಿಗೆ ಬಡಿಯುವಂತೆ ಸಿಕ್ಕರೆ ತಕ್ಷಣ ತಿಳಿಸಿ. ಕತ್ತಿನ ಕೊಳವೆಯ ಜಾಗವನ್ನೂ ದಿನಕ್ಕೆ ಎರಡು ಸಲ ಸವರಿ. ಇಂತಹ ಕುದುರೆಗಳಲ್ಲಿ ರಕ್ತನಾಳ ಬೇಗ ಹೆಪ್ಪುಗಟ್ಟುತ್ತದೆ, ಚರ್ಮದ ಕೆಳಗೆ ಹಗ್ಗ ಹಾದಂತೆ ಗಟ್ಟಿಯಾಗಿ ಸಿಗುತ್ತದೆ.

ನಿರ್ವಾಹಕ

ಭೇದಿಯ ಕುದುರೆಯನ್ನು ನೋಡಿಕೊಳ್ಳುತ್ತಿರುವ ಎಲ್ಲರಿಗೂ: ಕೈಗೆ ಹಚ್ಚುವ ಸ್ಯಾನಿಟೈಸರ್ ಡಿಫಿಸಿಲ್‌ನ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಸೋಪು ಹಾಕಿ ತೊಳೆಯಿರಿ. ನೆಲದ ಕೊಳೆಯನ್ನು ಪೂರ್ತಿ ಉಜ್ಜಿ ತೆಗೆದ ಮೇಲಷ್ಟೇ ಬ್ಲೀಚ್ ಕೆಲಸ ಮಾಡುತ್ತದೆ. ಸಾಲ್ಮೊನೆಲ್ಲಾ ಮನುಷ್ಯರಿಗೂ ಅಂಟುತ್ತದೆ, ಚಿಕ್ಕ ಮಕ್ಕಳನ್ನು ದೂರವಿಡಿ. ಬೂಟು, ಪೊರಕೆ, ಬಕೆಟ್ಟು ಬೇರೆ ಬೇರೆ ಇರಲಿ. ಮರಿಯ ಕೆಲಸ ಮುಗಿಸಿದವರು ಹಾಗೆಯೇ ತಾಯಿಯ ಬಳಿ ಹೋಗಬಾರದು.

ಲಾಯದೊಡತಿ

ಎಲ್ಲರಿಗೂ ಒಟ್ಟಿಗೆ ಉತ್ತರ. ಆಸ್ಪತ್ರೆಗೆ ಒಯ್ಯಲಿಲ್ಲ. ವೈದ್ಯರು ಅಳತೆಯ ಯಂತ್ರವನ್ನು ಲಾಯಕ್ಕೇ ತಂದರು, ಪ್ಲಾಸ್ಮಾ ತರಿಸಿ ಕೊಟ್ಟರು. ಕಾಗದ ಬರೆದೆವು. ಲ್ಯಾಕ್ಟೇಟ್ ಇಳಿಯದಿದ್ದರೆ, ಔಷಧ ಕೊಟ್ಟೂ ನೋವು ತಡೆಯದಿದ್ದರೆ, ಗೊರಸಿನ ಮೂಳೆ ಕೆಳಗೆ ಕುಸಿದಿರುವುದು ಎಕ್ಸ್‌ರೇಯಲ್ಲಿ ಕಂಡರೆ ನಿಲ್ಲಿಸುವುದು. ಈ ಮೂರಕ್ಕೂ ನಾನು ಮತ್ತು ವೈದ್ಯರು ಸಹಿ ಹಾಕಿದೆವು. ಸಹಿ ಯಾಕೆ ಎಂದು ಅವರು ಕೇಳಿದರು. ನಾಳೆ ನಾನೇ ವಾದ ಮಾಡಿದರೆ ತೋರಿಸಿ ಎಂದೆ.

ಲದ್ದಿಯಲ್ಲಿ ಡಿಫಿಸಿಲ್‌ನ ವಿಷಾಂಶ ಸಿಕ್ಕಿದೆ. ಸಾಲ್ಮೊನೆಲ್ಲಾ ಇದುವರೆಗೆ ಸಿಕ್ಕಿಲ್ಲ. ಲ್ಯಾಕ್ಟೇಟ್ 2.2. ಮರಿ ಬಕೆಟ್ಟಿನಲ್ಲಿ ಕುಡಿಯುತ್ತಿದೆ, ಕುಡಿದು ಮುಗಿಸಿ ಬಕೆಟ್ಟನ್ನು ಒದೆಯುತ್ತದೆ. ತಾಯಿ ಜಾಲರಿಯ ಕಡೆ ಮುಖ ಮಾಡಿ ನಿಲ್ಲುತ್ತಾಳೆ, ಮೊದಲ ರಾತ್ರಿ ಬಿಟ್ಟರೆ ಕೂಗಾಟವಿಲ್ಲ.

ಲಾಯದೊಡತಿ

ಭೇದಿ ನಿಂತು ಸಗಣಿಯಷ್ಟು ಗಟ್ಟಿಯಾಗಿದೆ. ಆದರೆ ಬಲ ಮುಂಗಾಲಿನ ನಾಡಿ ಇವತ್ತು ಬೆರಳಿಗೆ ಹೊಡೆಯುತ್ತಿದೆ. ತಿರುಗುವಾಗ ಆ ಕಾಲನ್ನು ಎತ್ತಿ ಎತ್ತಿ ಇಡುತ್ತಾಳೆ. ಎಕ್ಸ್‌ರೇ ಆಯಿತು, ಮೂಳೆ ಅತ್ಯಲ್ಪ ತಿರುಗಿದೆ, ಕುಸಿದಿಲ್ಲ ಎನ್ನುತ್ತಾರೆ. ಕಾಗದದಲ್ಲಿ ಬರೆದದ್ದು ಕುಸಿತ ಮಾತ್ರ. ತಿರುಗುವುದನ್ನು ಬರೆದೇ ಇರಲಿಲ್ಲ.

ಗೊರಸುಗಾರ

ತಿರುಗುವುದಕ್ಕೂ ಕುಸಿಯುವುದಕ್ಕೂ ಬಹಳ ಅಂತರವಿದೆ. ತಿರುಗಿದಾಗ ಮೂಳೆಯ ಮುಂತುದಿ ಮಾತ್ರ ಗೋಡೆಯಿಂದ ಸರಿದು ಅಂಗಾಲಿನ ಕಡೆ ಬಾಗುತ್ತದೆ. ಸ್ವಲ್ಪವೇ ಇದ್ದು ಅಲ್ಲಿಗೇ ನಿಂತರೆ ತಿಂಗಳುಗಟ್ಟಲೆ ಗೊರಸು ಕತ್ತರಿಸಿ, ಆಧಾರ ಕೊಟ್ಟು ಸರಿಮಾಡಬಹುದು. ಕುಸಿತದಲ್ಲಿ ಸುತ್ತಲೂ ಹಿಡಿತ ಬಿಟ್ಟು ಮೂಳೆ ಪೂರ್ತಿ ಕೆಳಗಿಳಿಯುತ್ತದೆ. ಗೊರಸಿಗೂ ಕೂದಲಿಗೂ ಸೇರುವ ಅಂಚಿನಲ್ಲಿ ಬೆರಳು ಇಳಿಯುವಷ್ಟು ತಗ್ಗು ಬೀಳುತ್ತದೆ. ಅಲ್ಲಿಂದ ಮರಳಿ ಬಂದವು ತೀರಾ ಕಡಿಮೆ.

ಕಾಗದದಲ್ಲಿ ಇಲ್ಲದ್ದಕ್ಕೆ ಹೊಸ ಸಾಲು ಬರೆಯಿರಿ, ಹಳೆಯ ಸಾಲುಗಳನ್ನು ಮುಟ್ಟಬೇಡಿ. ಮುಂದಿನ ಎಕ್ಸ್‌ರೇಯಲ್ಲಿ ಕೋನ ಹೆಚ್ಚಿದೆಯೇ, ಹೆಚ್ಚು ಹೊತ್ತು ಮಲಗಿಯೇ ಇರುತ್ತಾಳೆಯೇ, ನೋವಿನ ಔಷಧವನ್ನು ಇಳಿಸಲು ಆಗುತ್ತಿದೆಯೇ. ಈ ಮೂರು ಸಾಕು. ಸದ್ಯಕ್ಕೆ ನಡೆಸಬೇಡಿ. ಹಾಸು ಮೊಣಕಾಲು ಮುಳುಗುವಷ್ಟು ದಪ್ಪ ಇರಲಿ. ಗೊರಸಿನ ನಡುವಿನ ಮೆತ್ತನೆಯ ತ್ರಿಕೋನ ಭಾಗಕ್ಕೆ ಆಧಾರ ಕಟ್ಟಿಸಿ. ಲಾಳ ಇದ್ದರೆ ಸುತ್ತಿಗೆ ಹೊಡೆಯದೆ, ಮೊಳೆಯನ್ನು ಒಂದೊಂದಾಗಿ ಎಳೆದು ತೆಗೆಯುವವರ ಕೈಯಲ್ಲಿ ತೆಗೆಸಿ.

ನೇರಮಾತು

ಇಷ್ಟಕ್ಕೆ ನಾನು ನಿಲ್ಲಿಸಿ ಎನ್ನುವುದಿಲ್ಲ. ಹೊಸ ಸಾಲಿಗೂ ಸಹಿ ಹಾಕಿಸಿ.

ಲಾಯದೊಡತಿ

ಹಾಕಿಸಿದೆ. ನೋವಿನ ಔಷಧವನ್ನು ಇಳಿಸಲು ಶುರು ಮಾಡಿದ್ದಾರೆ, ಇದುವರೆಗೆ ತಡೆದುಕೊಂಡಿದ್ದಾಳೆ. ಕೆಚ್ಚಲು ಸುಕ್ಕಿದೆ. ಮರಿಯ ಔಷಧ ಇನ್ನೂ ನಡೆಯುತ್ತಿದೆ. ಅದು ಮುಗಿದ ಮೇಲೆ ಇಬ್ಬರನ್ನೂ ಮತ್ತೆ ಒಟ್ಟಿಗೆ ಬಿಡಬಹುದೇ?

ದೊಡ್ಡಪ್ರಾಣಿ ವೈದ್ಯೆ

ಔಷಧ ಮುಗಿದ ದಿನವೇ ಬೇಡ. ಮರಿಯ ಲದ್ದಿಯಿಂದ ಔಷಧದ ಅಂಶ ಹೋಗಲು ಸಮಯ ಬೇಕು, ಎಷ್ಟು ದಿನ ಎಂಬುದನ್ನು ಔಷಧ ಬರೆದವರೇ ಹೇಳಲಿ. ತಾಯಿಯ ಕರುಳಿನಲ್ಲಿ ಒಳ್ಳೆಯ ಜೀವಿಗಳು ಮತ್ತೆ ನೆಲೆಯೂರಬೇಕು, ಗೊರಸು ಓಡಾಟಕ್ಕೆ ಸಿದ್ಧವಾಗಬೇಕು. ಪುಟಿಯುವ ಮರಿಯ ಜೊತೆ ಅವಳು ಒಂದೇ ಕಡೆ ನಿಲ್ಲುವವಳಲ್ಲ. ಅಷ್ಟರಲ್ಲಿ ಮರಿಯ ಶ್ವಾಸಕೋಶವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಬಾವು ಕುಗ್ಗಿದ್ದರೆ ಔಷಧ ಎಂದು ನಿಲ್ಲಿಸಬಹುದು ಎಂಬುದು ತಿಳಿಯುತ್ತದೆ. ಮುಂದೆ ಯಾವ ವೈದ್ಯರ ಬಳಿ ಹೋದರೂ ಇಬ್ಬರ ಔಷಧದ ಚೀಟಿಗಳನ್ನೂ ಒಟ್ಟಿಗೆ ಒಯ್ಯಿರಿ. ಮುಂದಿನ ಎಕ್ಸ್‌ರೇ ಯಾವಾಗ?

ಲಾಯದೊಡತಿ

ಬರುವ ಸೋಮವಾರ. ಕೋನದ ಅಳತೆಯನ್ನು ಇಲ್ಲೇ ಹಾಕುತ್ತೇನೆ.